ಬಾಯಿ ಬಿಡಬಾರದ ಅಂಗಡಿ

ಒಂದನೇ ತರಗತಿಗೆ ಕಲಿಸುವುದು ಯಾರಿಂದಲೂ ಆಗುವ ಕೆಲಸ ಎಂದು ತಿಳಿದವರು ಒಂದು ದಿನ ಮಾಡಿ ನೋಡಲಿ. ನಾನು ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಆಲಂಕಾರಿನವಳಾದ ನನಗೆ ಈಶ್ವರಮಂಗಲದ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಅಲ್ಲಿಯ ಮಕ್ಕಳು ಮನೆಯಲ್ಲಿ ತುಳುವೋ ಮಲಯಾಳವೋ ಬ್ಯಾರಿಯೋ ಮಾತಾಡುವವರು. ಪುಸ್ತಕ ಮಾತ್ರ ಕನ್ನಡದ್ದು. ತುಳು ನನಗೆ ಬರುತ್ತಿತ್ತು, ಮಲಯಾಳವನ್ನು ಹೇಗೋ ಸುಧಾರಿಸುತ್ತಿದ್ದೆ. ಆದರೆ ದಿನಸಿ ಅಂಗಡಿಯ ಬ್ಯಾರಿಯವರ ಮಗಳು ಯಾವ ಭಾಷೆಯಲ್ಲೂ ತುಟಿಪಿಟಕ್ಕೆನ್ನಲಿಲ್ಲ. ಹೆಡ್‌ಮಾಸ್ಟ್ರು ಬಾಯಿಪಾಠದವರು. ಅವಳನ್ನು ನಿಲ್ಲಿಸಿ ಕೇಳಿದರು, ಉತ್ತರ ಬರಲಿಲ್ಲ, ಇದರ ತಲೆಗೆ ಹತ್ತುದಿಲ್ಲ ಎಂದುಬಿಟ್ಟರು. ಆ ಮಾತು ತಂದೆಯ ಕಿವಿಗೂ ಬಿತ್ತು. ಪರೀಕ್ಷೆ ಮುಗಿದ ಕೂಡಲೇ ಶಾಲೆ ಬಿಡಿಸುತ್ತೇನೆ, ಮನೆಯಲ್ಲಿ ತಮ್ಮನನ್ನಾದರೂ ನೋಡಿಕೊಳ್ಳಲಿ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಾತಾಡದ ಮಗುವಿಗೆ ಕಣ್ಣಿಲ್ಲವೇ, ಕೈಯಿಲ್ಲವೇ?

ಉಪಾಯ ಸಿಕ್ಕಿದ್ದು ಅವರ ಅಂಗಡಿಯಲ್ಲೇ. ತೋಟದ ಮನೆಯವರು ಬೇಕಾದ ಸಾಮಾನನ್ನು ಚೀಟಿಯಲ್ಲಿ ಬರೆದು ಆಳಿನ ಕೈಯಲ್ಲಿ ಕಳಿಸುತ್ತಿದ್ದರು. ತಂದೆಗೆ ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಗೊತ್ತಿತ್ತು, ಕನ್ನಡದ್ದು ಗೊತ್ತಿರಲಿಲ್ಲ. ಅಂಗಡಿಗೆ ಬಂದವರಲ್ಲಿ ಯಾರಾದರೂ ಓದಿ ಹೇಳಬೇಕು. ನಾನು ಹೋದರಂತೂ ಚೀಟಿ ನೇರ ನನ್ನ ಕೈಗೆ.

ನಾನೂ ತರಗತಿಯ ಮೂಲೆಯಲ್ಲಿ ಒಂದು ಅಂಗಡಿ ಇಟ್ಟೆ. ತೆಂಗಿನ ಗೆರಟೆಯಲ್ಲಿ ತುಂಬಿದ ಹೊಳೆಬದಿಯ ನುಣ್ಣನೆಯ ಹೊಯಿಗೆಯೇ ಸಕ್ಕರೆ, ಕೆಂಪು ಮುರಕಲ್ಲಿನ ಚೂರೇ ಬೆಲ್ಲ, ಹುಣಸೆ ಬೀಜವೇ ಕಡಲೆ. ಅಡಿಕೆ ಹಾಳೆಯ ತುಂಡುಗಳ ಮೇಲೆ ಮಸಿಯಿಂದ ಹೆಸರು ಬರೆದು ಒಂದೊಂದರ ಮುಂದೆ ಇಟ್ಟೆ. ನಿಯಮ ಒಂದೇ, ಬಾಯಿ ಬಿಡಬಾರದು. ಗಿರಾಕಿ ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯಬೇಕು, ಅಂಗಡಿಯವರು ಓದಿ ಕೊಡಬೇಕು. ಯಾರಾದರೂ ಬಾಯಿ ಬಿಟ್ಟರೆ “ಬರೆದು ಕೊಡಿ” ಎಂದು ಸ್ಲೇಟು ತೋರಿಸುತ್ತಿದ್ದೆ.

ಬಾಯಿಬಡುಕ ಹುಡುಗರೆಲ್ಲ ಒದ್ದಾಡಿ ಹೋದರು. ಇವಳು ಅಂಗಡಿಯಲ್ಲಿ ಕುಳಿತಳು ನೋಡಿ, ಹುಟ್ಟು ವ್ಯಾಪಾರಿ! ಬರೆದದ್ದು ಸರಿಯಿಲ್ಲದಿದ್ದರೆ ಸ್ಲೇಟನ್ನು ಹಿಂದಕ್ಕೆ ತಳ್ಳುವಳು. ಕೆಲವೇ ವಾರಗಳಲ್ಲಿ ಅವಳ ಕಣ್ಣಿಗೆ ತಪ್ಪಿಸಿ ಯಾರೂ ಒಂದು ಚೂರು ಬೆಲ್ಲ ಒಯ್ಯುವಂತಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ತೆಂಗಿನೆಣ್ಣೆಗೆಂದು ಅವರ ಅಂಗಡಿಗೆ ಹೋದೆ. ಮಗಳು ಅಕ್ಕಿಮೂಟೆಯ ಪಕ್ಕ ಸ್ಲೇಟು ಹಿಡಿದು ಕುಳಿತಿದ್ದಳು. ಒಬ್ಬ ಆಳು ಚೀಟಿ ತಂದಿದ್ದ. ತಂದೆ ಎಂದಿನಂತೆ ಅದನ್ನು ನನ್ನತ್ತ ಚಾಚಿದರು. ನಾನು ಕೈ ಹಿಂದಕ್ಕೆ ಕಟ್ಟಿದೆ.

“ಇವತ್ತು ನಾನು ಓದುದಿಲ್ಲ ಸಾವ್ಕಾರ್ರೆ. ಮಗಳತ್ರ ಕೊಡಿ.”

“ಅವಳಿಗೆ ಎಂತ ಗೊತ್ತುಂಟು ಟೀಚರೇ?”

“ಕೊಟ್ಟು ನೋಡಿ ಮಾರಾಯ್ರೆ.”

ಹಾಗೆಂದೆನೇ ಹೊರತು ನನಗೂ ಪೂರ್ತಿ ಭರವಸೆಯಿರಲಿಲ್ಲ. ನನ್ನ ದುಂಡಕ್ಷರ ಬೇರೆ, ತೋಟದ ಯಜಮಾನರು ಗೀಚಿದ್ದು ಬೇರೆ. ಅವಳು ಚೀಟಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಬೆಲ್ಲ ತಂದಿಟ್ಟಳು, ಮೆಣಸು ತಂದಿಟ್ಟಳು, ಸ್ವಲ್ಪ ತಡೆದು ಸಾಬೂನನ್ನೂ ತಂದಿಟ್ಟಳು. ಆಗ ನಾನು ಚೀಟಿ ತೆಗೆದು ಗಟ್ಟಿಯಾಗಿ ಓದಿದೆ. ಒಂದೂ ತಪ್ಪಿರಲಿಲ್ಲ.

ತಂದೆ ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. ಮಗಳನ್ನೂ ಸಾಮಾನನ್ನೂ ಮತ್ತೆ ಮತ್ತೆ ನೋಡಿದರು.

“ಹೆಡ್‌ಮಾಸ್ಟ್ರತ್ರ ಹೇಳಿ ಟೀಚರೇ, ಇವಳು ಎರಡನೇ ಕ್ಲಾಸಿಗೂ ಬರ್ತಾಳೆ.”

ನನಗೆ ಆಕಾಶ ಮೂರೇ ಗೇಣು. ಆ ಖುಷಿಯಲ್ಲಿ ಕುಪ್ಪಿ ಚಾಚಿ, ನನಗೆ ತೆಂಗಿನೆಣ್ಣೆ ಕೊಡು ಮಗಾ ಎಂದೆ. ಅವಳು ಕದಲಲಿಲ್ಲ. ತನ್ನ ಸ್ಲೇಟನ್ನು ನನ್ನ ಮುಂದೆ ಇಟ್ಟಳು. ಇಡೀ ವರ್ಷ ಕೇಳದ ಆ ಸ್ವರವನ್ನು ಆಗ ಕೇಳಿದೆ, ಅದೂ ಕನ್ನಡದಲ್ಲಿ.

“ಬರೆದು ಕೊಡಿ.”

ಬರೆದು ಕೊಟ್ಟೆ. ಅವಳು ಓದಿ, ಸರಿಯುಂಟು ಎಂಬಂತೆ ತಲೆಯಾಡಿಸಿದ ಮೇಲೆಯೇ ನನಗೆ ಎಣ್ಣೆ ಸಿಕ್ಕಿದ್ದು.