ಮುನಿಸಿನ ಡಬ್ಬಿಯಲ್ಲಿ ಉಳಿದ ಪಾದಗಳು

ಬೆಳಕು ಇನ್ನೂ ಕಿಟಕಿಯ ಸರಳಿಗೆ ಬಂದಿಲ್ಲ. ಮುಂದಿನ ಕೋಣೆಯ ಮೂಲೆಯಲ್ಲಿ ನಿಂತ ಜೋಡಿನಕ್ಕ, ಹಳೆಯ ಹೊದಿಕೆಯಿಂದ ಹೊಲಿದ ಮುಸುಕನ್ನು ಕಂಪ್ಯೂಟರಿನ ಮೇಲಿಂದ ಮೆಲ್ಲಗೆ ಸರಿಸುತ್ತಾರೆ. ಗುಂಡಿ ಒತ್ತಿದರೆ ಮೊದಲು ಒಂದು ಕೆಮ್ಮು, ಆಮೇಲೆ ಗೊರಗೊರ ಸದ್ದು, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಎಂಬಂತೆ ತೆರೆಯ ಮೇಲೊಂದಿಷ್ಟು ಬೆಳಕು. ಒಂದು ಕಾಲಕ್ಕೆ ಹಾಲಿನ ಬಣ್ಣವಿದ್ದ ಪೆಟ್ಟಿಗೆ ಈಗ ಹಳೆಯ ಹಲ್ಲಿನಂತೆ ಹಳದಿ. ಒಳಗಿನ ಫ್ಯಾನು ಸೋತಿದೆ, ಬಿಸಿಲೇರಿದ ಮೇಲೆ ಕೆಲಸ ಹೇಳಿದರೆ ಕಾದು ನಡುವೆಯೇ ಮಲಗಿಬಿಡುತ್ತದೆ. ಹಾಗಾಗಿ ಅದರ ಕೆಲಸವೆಲ್ಲ ಈ ತಂಪು ಹೊತ್ತಿನಲ್ಲೇ ಮುಗಿಯಬೇಕು.

"ವಯಸ್ಸಾದವರನ್ನ ಬಿಸಿಲಲ್ಲಿ ದುಡಿಸಬಾರದು" ಎನ್ನುತ್ತಾರೆ ಜೋಡಿನಕ್ಕ.

"ಆ ಮಾತು ನನಗೆ ಅನ್ವಯಿಸಲ್ಲ" ಎಂದು ಬಾಗಿಲ ಬಳಿಯಿಂದ ಗಂಡನ ದನಿ. ಅವರು ಮೋಟು ಕುರ್ಚಿಯ ಮೇಲೆ ಕೂತು ಹೊಲಿಗೆಯ ದಾರಕ್ಕೆ ಮೇಣ ಉಜ್ಜುತ್ತಿದ್ದಾರೆ. ಕಣ್ಣು ಮಂಜಾಗಿ ವರ್ಷಗಳಾದವು. ಬೆರಳಿಗೆ ಮಾತ್ರ ಇನ್ನೂ ಕಣ್ಣಿದೆ.

ಒಂದು ಕಾಲು ಗಿಡ್ಡವಾದವರು, ಹಿಮ್ಮಡಿ ನೆಲ ಮುಟ್ಟದವರು, ಬೆರಳು ಒಳಕ್ಕೆ ಮಡಿಸಿಕೊಂಡವರು, ಅಂಗಡಿಯ ಯಾವ ಚಪ್ಪಲಿಯೂ ಜೋಡೂ ಒಗ್ಗದವರು ಈ ಮನೆಗೆ ಬರುತ್ತಾರೆ. ದಿನಕ್ಕೆ ಇಬ್ಬರೋ ಮೂವರೋ. ಒಂದು ಜೊತೆ ಹೊಲಿದು ಮುಗಿಯಲು ವಾರವೂ ಹಿಡಿದೀತು. ಜೋಡಿನಕ್ಕನ ಕೆಲಸದ ಗುಣವೇ ವಿಚಿತ್ರ. ಕುಂಟುವವರ ಕಾಲನ್ನು ಬೀದಿಯೆಲ್ಲ ನೋಡುತ್ತದೆ, ನೆಟ್ಟಗೆ ನಡೆಯುವವರ ಕಾಲನ್ನು ಯಾರೂ ನೋಡುವುದಿಲ್ಲ. ಜೋಡಿನಕ್ಕ ಕೆಲಸ ಚೆನ್ನಾಗಿ ಮಾಡಿದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಿಂದೆ ಗಂಡ ಆಸ್ಪತ್ರೆಯೊಂದರ ಜೋಡಿನ ಕಾರ್ಖಾನೆಯಲ್ಲಿದ್ದರು. ಆಗ ಕಂದು ಕಾಗದ ಹಾಸಿ, ಪಾದವಿರಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವ ಕಾಲ. ಮಕ್ಕಳಿಗೆ ಕಚಗುಳಿಯಾಗಿ ಕಾಲೆಳೆದುಕೊಂಡರೆ ಗೆರೆ ಅಂಗಾಲಿನ ಒಳಗೇ ನುಗ್ಗುತ್ತಿತ್ತಂತೆ. ಕಾರ್ಖಾನೆ ಮುಚ್ಚಿದ ದಿನ ಎಲ್ಲರೂ ಹೊಲಿಗೆ ಯಂತ್ರಕ್ಕೆ ಮುಗಿಬಿದ್ದಾಗ, ಇವರು ಯಾರಿಗೂ ಬೇಡವಾಗಿದ್ದ ಸ್ಕ್ಯಾನರನ್ನು ಕೇಳಿ ತಂದರು. ಅದಕ್ಕೆ ದಪ್ಪ ಗಾಜು ಕೂರಿಸಿ ನೆಲದ ಮೇಲಿಟ್ಟರು. ಬಂದವರು ಬೆಂಚಿನ ಮೇಲೆ ಕೂತು ಗಾಜಿನ ಮೇಲೆ ಪಾದ ಊರಿದರೆ ಸಾಕು, ಕೆಳಗಿನಿಂದ ಬೆಳಕೊಂದು ತೆವಳಿ ಹೋಗಿ ಅಂಗಾಲಿನ ಚಿತ್ರ ತೆರೆಯ ಮೇಲೆ ಮೂಡುತ್ತದೆ. ಆ ಸ್ಕ್ಯಾನರಿನ ಮಾತು ಅರ್ಥವಾಗುವುದು ಈ ಮುದಿ ಕಂಪ್ಯೂಟರಿಗೆ ಮಾತ್ರ. ಹೊಸದಕ್ಕೆ ಜೋಡಿಸಿ ನೋಡಿದ್ದೂ ಆಗಿದೆ. ಎರಡೂ ಗುರುತೇ ಇಲ್ಲದವರಂತೆ ಕೂತವು.

ಬೇರೆ ಮನೆಗಳಲ್ಲಿ ಮುಖಗಳ ಆಲ್ಬಮ್ ಇದ್ದರೆ ಇಲ್ಲಿರುವುದು ಪಾದಗಳ ಆಲ್ಬಮ್. ಜೋಡಿನಕ್ಕ ಒಂದೊಂದೇ ಚಿತ್ರ ಸರಿಸುತ್ತಾರೆ. ತಾಯಿಯ ಸೊಂಟದ ಮೇಲೆ ಬಂದ ಮಗುವಿನ ಪಾದ, ಬಿಸ್ಕತ್ತಿನಷ್ಟು. ಅದೇ ಪಾದ ಶಾಲೆ ಸೇರಿದ ವರ್ಷ. ಅದೇ ಪಾದ ಮದುವೆಯ ಹಿಂದಿನ ವಾರ. "ಮುಖ ನೋಡಿದ್ರೆ ಯಾರು ಅಂತ ತಡವರಿಸ್ತೀನಿ, ಪಾದ ನೋಡಿದ್ರೆ ಅವರಮ್ಮ ಏನು ಅಂದಿದ್ರು ಅನ್ನೋದೂ ನೆನಪಾಗುತ್ತೆ" ಎಂದು ನಗುತ್ತಾರೆ.

ಆದರೆ ಇವು ನೆನಪಿಗೆಂದು ಇಟ್ಟ ಚಿತ್ರಗಳಲ್ಲ. ಜೋಡು ಎಲ್ಲಿ ಕಚ್ಚಿತು, ಎಲ್ಲಿ ಬೊಕ್ಕೆ ಎದ್ದಿತು, ಎಲ್ಲಿ ಎಳ್ಳಿನಷ್ಟು ಎತ್ತರಿಸಿದ ಮೇಲೆ ನೋವು ನಿಂತಿತು ಎಂಬುದನ್ನು ವರ್ಷಗಟ್ಟಲೆ ಕೇಳಿ ಕೇಳಿ ಚಿತ್ರದ ಮೇಲೆ ತಿದ್ದಿ ಮಾಡಿದ ನಕ್ಷೆಗಳು. ಅವು ಕಳೆದರೆ ಪ್ರತಿಯೊಬ್ಬರೂ ಮತ್ತೆ ಮೊದಲ ಬೊಕ್ಕೆಯಿಂದ ಶುರುಮಾಡಬೇಕು. ಕೆಲವರಿಗೆ ಅದೂ ಸಾಧ್ಯವಿಲ್ಲ.

ಆ ಕೆಲವರಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರ್. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿದೆ. ಒಮ್ಮೆ ಜೋಡಿನೊಳಗೆ ಹೊಕ್ಕ ಕಲ್ಲೊಂದು ದಿನವಿಡೀ ಅವರ ಜೊತೆ ನಡೆದರೂ ಅವರಿಗೆ ಗೊತ್ತಾಗಲಿಲ್ಲ. ಸಂಜೆ ಕಾಲುಚೀಲ ಒದ್ದೆಯಾಗಿದ್ದನ್ನು ಹೆಂಡತಿ ನೋಡಿದರು. ಎಲ್ಲಿ ಕಚ್ಚುತ್ತದೆ ಎಂದು ಕೇಳಿದರೆ ಅವರಿಗೇನು ತಿಳಿದೀತು? ಅವರ ನಕ್ಷೆಯ ಒಂದೊಂದು ತಿದ್ದುಪಡಿಯ ಹಿಂದೆಯೂ ಒಂದು ಹುಣ್ಣಿದೆ. ಇನ್ನೊಂದು ಹುಣ್ಣಾದರೆ ಕಾಲೇ ಉಳಿಯುವುದಿಲ್ಲ ಎಂದು ವೈದ್ಯರು ಎಚ್ಚರಿಸಿದ್ದಾರೆ.

ಹೀಗಾಗಿ ಜೋಡಿನಕ್ಕ ಮೊದಲಿನಿಂದಲೂ ನಕ್ಷೆಗಳ ಪ್ರತಿ ತೆಗೆದಿಡುತ್ತಿದ್ದರು. ಅಂಗೈಯಗಲದ ಎರಡು ಡಿಸ್ಕುಗಳು, ಇವರ ಬಾಯಲ್ಲಿ ಡಬ್ಬಿಗಳು. ಒಂದು ಈ ಮನೆಯಲ್ಲಿ, ಪ್ರತಿ ವಾರವೂ ಹೊಸ ಪ್ರತಿ ಸೇರುವಂಥದ್ದು. ಇನ್ನೊಂದು ಬೇರೆ ಸೂರಿನಡಿ, ಬೆಂಕಿಗೋ ಕಳ್ಳರಿಗೋ ಎರಡೂ ಒಟ್ಟಿಗೆ ಸಿಗದಿರಲಿ ಎಂದು. ಆ ಸೂರು ಎರಡು ಬೀದಿ ಆಚೆಗಿನ ಓರಗಿತ್ತಿಯದು, ಗಂಡನ ಅಣ್ಣನ ಹೆಂಡತಿ. ತಿಂಗಳಿಗೊಮ್ಮೆ ಡಬ್ಬಿ ತಂದು, ಹೊಸದೆಲ್ಲ ತುಂಬಿ, ಹಿಂದಿರುಗಿಸುವ ನೆವದಲ್ಲಿ ಇಬ್ಬರಿಗೂ ಒಂದು ಮಧ್ಯಾಹ್ನದ ಹರಟೆ.

ಆ ಹರಟೆಯೇ ಒಂದು ದಿನ ಹದ ತಪ್ಪಿತು. ಓರಗಿತ್ತಿ ತನಗೊಂದು ಜೊತೆ ಜೋಡು ಕೇಳಿ ವರ್ಷವಾಗಿತ್ತು. ಇಂದು ನಾಳೆ ಎಂದು ಜೋಡಿನಕ್ಕ ಮುಂದೂಡುತ್ತಲೇ ಇದ್ದರು. ನೆಂಟರು ತುಂಬಿದ್ದ ಮನೆಯಲ್ಲಿ ಓರಗಿತ್ತಿ ಅಂದೇಬಿಟ್ಟರು: "ಊರಿಗೆಲ್ಲ ಜೋಡು ಹೊಲೀತಾಳೆ, ಮನೆಯವಳ ಹಿಮ್ಮಡಿ ಒಡೆದಿದ್ದು ಮಾತ್ರ ಇವಳ ಕಣ್ಣಿಗೆ ಬೀಳಲ್ಲ."

ಜೋಡಿನಕ್ಕ ತಣ್ಣಗೆ ಉತ್ತರಿಸಿದರು: "ನಿಮ್ಮ ಕಾಲು ನೆಟ್ಟಗಿದೆಯಲ್ಲ ಅಕ್ಕ, ಬೇಕಿದ್ರೆ ಬಾಯಿ ಹೊಲಿದುಕೊಡ್ತೀನಿ."

ನೆಂಟರು ನಕ್ಕರು. ಓರಗಿತ್ತಿ ನಗಲಿಲ್ಲ. ಹಿರಿಯಳಿಗೆ ಆಡಬಾರದ ಮಾತು, ಅದೂ ನಾಲ್ಕು ಜನರೆದುರು. ಅಲ್ಲಿಗೆ ಹೋಗಿಬರುವುದು ನಿಂತಿತು. ಡಬ್ಬಿ ಆ ಮನೆಯಲ್ಲೇ ಉಳಿಯಿತು. ಕೇಳಲು ಇವರಿಗೆ ಸಂಕೋಚ, ಕಳಿಸಲು ಅವರಿಗೆ ಬಿಗುಮಾನ.

ತಿಂಗಳುಗಳು ಉರುಳಿದವು. ಒಂದು ಮುಂಜಾನೆ ಡ್ರೈವರ್ ಅಂಗಳ ದಾಟಿ ಬರುವಾಗ, ಬಾಗಿಲಲ್ಲಿದ್ದ ಗಂಡ ದಾರ ಉಜ್ಜುವುದನ್ನು ನಿಲ್ಲಿಸಿ ಕಿವಿಗೊಟ್ಟರು. "ಎಡಗಾಲಿನ ಅಟ್ಟೆ ಸವೆದಿದೆ ಕಣಪ್ಪ, ಹೆಜ್ಜೆ ಜಾರ್ತಾ ಇದೆ" ಅಂದರು. ಹೊಸ ಜೊತೆ ಬೇಕೇಬೇಕಿತ್ತು. ಜೋಡಿನಕ್ಕ ನಕ್ಷೆ ತೆರೆದರು. ಬೆರಳುಗಳು ಕಂಡವು. ಅವುಗಳ ಕೆಳಗೆ ಬೂದು ಬಣ್ಣ, ಬೂದಿ ಸುರಿದಂತೆ. ಇನ್ನೊಬ್ಬರದು ತೆರೆದರು, ಅದೂ ಅರ್ಧ ಬೂದು.

ಮನೆಯ ಡಬ್ಬಿ ಇದೆಯಲ್ಲ ಎಂಬ ಧೈರ್ಯ. ಅದನ್ನೂ ತೆರೆದರು. ಅದರಲ್ಲೂ ಅದೇ ಬೂದು.

ಕಂಪ್ಯೂಟರಿನ ಒಳಗಿನ ಡಿಸ್ಕು ಸದ್ದಿಲ್ಲದೆ ಕೆಡುತ್ತಾ ಬಂದಿತ್ತು. ವಾರ ತಪ್ಪದೆ ಪ್ರತಿ ತೆಗೆಯುವ ಶ್ರದ್ಧೆಯಲ್ಲಿ ಜೋಡಿನಕ್ಕ ಕೆಟ್ಟದ್ದನ್ನೇ ಒಯ್ದು ಒಳ್ಳೆಯದರ ಮೇಲೆ ಬರೆದಿದ್ದರು. "ಸೋಮಾರಿಯಾಗಿದ್ದಿದ್ರೆ ಉಳೀತಿತ್ತು. ನನ್ನ ಶಿಸ್ತೇ ನನ್ನನ್ನ ತಿಂತು" ಎಂದು ಈಗ ಹೇಳುತ್ತಾರೆ.

ಉಳಿದದ್ದು ಒಂದೇ ಮನೆ. ಆ ಎರಡು ಬೀದಿ ಅಷ್ಟು ಉದ್ದವಿದ್ದದ್ದು ಗೊತ್ತೇ ಇರಲಿಲ್ಲ ಎನ್ನುತ್ತಾರೆ. ಓರಗಿತ್ತಿ ಆ ಡಬ್ಬಿಯನ್ನು ಎಸೆದಿದ್ದರೆ? ಗುಜರಿಗೆ ಹಾಕಿದ್ದರೆ? ತಪ್ಪು ತನ್ನದೇ, ಕೇಳುವ ಬಾಯಾದರೂ ಎಲ್ಲಿದೆ?

ಓರಗಿತ್ತಿ ಬಾಗಿಲು ತೆರೆದರು. ಕುರ್ಚಿ ಎಳೆದುಕೊಟ್ಟು, ಒಂದು ಲೋಟ ನೀರು ತಂದಿಟ್ಟು ಒಳಗೆ ಹೋದರು. ಬರುವಾಗ ಕೈಯಲ್ಲಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿದ ಡಬ್ಬಿ. ಒಂದು ಚೂರು ದೂಳಿರಲಿಲ್ಲ.

"ತಪ್ಪಾಯ್ತು ಅಕ್ಕ" ಎಂದರು ಜೋಡಿನಕ್ಕ.

"ಕೋಪ ನಿನ್ನ ಮೇಲಿತ್ತು ಕಣೇ" ಎಂದರು ಓರಗಿತ್ತಿ. "ಪಾಪ, ಆ ಕಾಲುಗಳ ಮೇಲೆ ನನಗೇನು ಕೋಪ?"

ಜಗಳವಾಗದಿದ್ದರೆ ತಿಂಗಳಿಗೊಮ್ಮೆ ಆ ಡಬ್ಬಿಗೂ ಕೆಟ್ಟ ಪ್ರತಿಯೇ ಸೇರುತ್ತಿತ್ತು. ಮುನಿಸಿಕೊಂಡು ಕೂತ ಡಬ್ಬಿ ಹಳೆಯದನ್ನು ಹಳೆಯದಾಗಿಯೇ ಕಾಪಾಡಿತ್ತು. ಆದರೂ ಜೋಡಿನಕ್ಕ ಅದನ್ನು ತಂದವರೇ ಕಂಪ್ಯೂಟರಿಗೆ ಚುಚ್ಚಲಿಲ್ಲ. ಉಳಿದಿರುವ ಒಂದೇ ಹಿಡಿ ಬೀಜವನ್ನು ಯಾರಾದರೂ ಕೆಟ್ಟ ನೆಲಕ್ಕೆ ಚೆಲ್ಲುತ್ತಾರೆಯೇ? ರಿಪೇರಿಯವರನ್ನು ಕರೆಸಿ ಹಳೆಯ ಪೆಟ್ಟಿಗೆಗೆ ಹೊಸ ಡಿಸ್ಕು ಹಾಕಿಸಿದರು. ರಿಪೇರಿಯವರ ಕಂಪ್ಯೂಟರಿನಲ್ಲೇ ಆ ಡಬ್ಬಿಯದೊಂದು ಪ್ರತಿಯನ್ನು ಮೂರನೆಯ ಡಬ್ಬಿಗೆ ತೆಗೆಸಿ, ಪ್ರತಿಯಿಂದಲೇ ಎಲ್ಲವನ್ನೂ ತುಂಬಿಸಿದರು. ಡ್ರೈವರ್ ಅವರ ನಕ್ಷೆ ಹಿಮ್ಮಡಿಯವರೆಗೂ ತೆರೆದುಕೊಂಡಿತು. ಜಗಳದ ತಿಂಗಳುಗಳಲ್ಲಿ ಹೊಸದಾಗಿ ಬಂದಿದ್ದವರನ್ನು ಮತ್ತೆ ಕರೆದು ಗಾಜಿನ ಮೇಲೆ ಪಾದ ಇಡಿಸಬೇಕಾಯಿತು. ಯಾರೂ ಗೊಣಗಲಿಲ್ಲ.

ಈಗ ಡಬ್ಬಿಗಳು ಮೂರು. ಒಂದು ಮನೆಯಲ್ಲಿ, ಒಂದು ತಿಂಗಳಿಗೊಮ್ಮೆ ಓರಗಿತ್ತಿಯ ಮನೆಗೂ ಇಲ್ಲಿಗೂ ಓಡಾಡುತ್ತದೆ. ಮೂರನೆಯದನ್ನು ಬೇಕೆಂದೇ ಅರ್ಧ ವರ್ಷ ಮುಟ್ಟುವುದಿಲ್ಲ. ಅದಕ್ಕೆ ಇಬ್ಬರೂ ಇಟ್ಟ ಹೆಸರು ಮುನಿಸಿನ ಡಬ್ಬಿ. ಯಾವ ಪ್ರತಿಯನ್ನೇ ತೆಗೆಯಲಿ, ಅದರಿಂದ ಒಂದೆರಡು ನಕ್ಷೆ ತೆರೆದು, ಕಾಗದದ ಮೇಲೆ ಅಚ್ಚು ಹಾಕಿ, ಅಳತೆ ಕೂಡುತ್ತದೆಯೇ ಎಂದು ನೋಡದೆ ಜೋಡಿನಕ್ಕ ಏಳುವುದಿಲ್ಲ. "ಹಿಟ್ಟಿನ ಡಬ್ಬಿ ಮುಚ್ಚಿದೆ ಅಂದ್ರೆ ಹುಳ ಬಿದ್ದಿಲ್ಲ ಅಂತ ಅರ್ಥಾನಾ? ತೆಗೆದು ನೋಡಬೇಕು."

ಬೀಗದ ವಿಷಯದಲ್ಲೂ ಅಷ್ಟೇ ಬಿಗಿ. ಕಂಪ್ಯೂಟರಿಗೆ ಇಂಟರ್ನೆಟ್ಟಿನ ತಂತಿ ಇಲ್ಲ. ಜೀವಮಾನವಿಡೀ ಕಾಲು ಮುಚ್ಚಿಕೊಂಡು ನಡೆದವರು ಇಲ್ಲಿ ಬಂದು ಕಾಲುಚೀಲ ಕಳಚುತ್ತಾರೆ. ಅದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಹಾಗಾಗಿ ಮೂರು ಡಬ್ಬಿಗೂ ಪಾಸ್‌ವರ್ಡ್ ಇದೆ. ತನಗೇನಾದರೂ ಆದರೆ ನಕ್ಷೆಗಳು ಒಳಗೇ ಕೊಳೆಯಬಾರದಲ್ಲ, ಅದಕ್ಕೆ ಓರಗಿತ್ತಿಗೂ ಅದನ್ನು ಬಾಯಿಪಾಠ ಮಾಡಿಸಿದ್ದಾರೆ. "ಅಕ್ಕನ ಹೊಟ್ಟೇಲಿ ಮಾತು ನಿಲ್ಲಲ್ಲ ಅಂತ ಬೀದಿಗೆಲ್ಲ ಗೊತ್ತು. ಇದೊಂದು ನಿಂತಿದೆ."

ಅಂದಹಾಗೆ, ಓರಗಿತ್ತಿಯ ಪಾದವೂ ಈಗ ಆಲ್ಬಮಿನಲ್ಲಿದೆ. ಜೋಡು ಹೊಲಿದು ಕೊಟ್ಟಾಯಿತು. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, ಬಲಗಾಲು ಕಚ್ಚುತ್ತೆ ಕಣೇ ಎಂದು ಶುರುಮಾಡಿದ್ದಾರೆ. ಎರಡು ಸಲ ತಿದ್ದಿಯಾಗಿದೆ. ಅದು ಕಚ್ಚುವುದಲ್ಲ, ಬಂದುಹೋಗಲು ನೆವ ಎಂಬುದು ಗಂಡನ ಅನುಮಾನ.

ಬಿಸಿಲು ಕಿಟಕಿಗೆ ಬಂದಿದೆ. ಜೋಡಿನಕ್ಕ ಕಂಪ್ಯೂಟರನ್ನು ನಿಲ್ಲಿಸಿ, ಗೊರಗೊರ ಸದ್ದು ಪೂರ್ತಿ ಅಡಗುವವರೆಗೂ ಅದರ ಬೆನ್ನಿನ ಮೇಲೆ ಕೈಯಿಟ್ಟು ಕಾಯುತ್ತಾರೆ. ಅಂಗಳದಲ್ಲಿ ಹೆಜ್ಜೆ ಸದ್ದು. "ಡ್ರೈವರ್ರು. ಎರಡೂ ಕಾಲು ಸಮ ಬೀಳ್ತಿದೆ" ಎನ್ನುತ್ತಾರೆ ಗಂಡ, ತಲೆ ಎತ್ತದೆ. ಡ್ರೈವರ್ ಬೆಂಚಿನ ಮೇಲೆ ಕೂತು ಕಾಲುಚೀಲ ಕಳಚುತ್ತಾರೆ. ಜೋಡಿನಕ್ಕ ಆ ಪಾದಗಳನ್ನು ಮಡಿಲಿಗೆಳೆದುಕೊಂಡು ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡುತ್ತಾರೆ. ಎಲ್ಲೂ ಕೆಂಪಿಲ್ಲ.

ಈ ಕಂಪ್ಯೂಟರು ಇನ್ನೆಷ್ಟು ದಿನ ಬಂದೀತು ಎಂದು ಕೇಳಿದರೆ, ಮುಸುಕು ಹೊದಿಸುತ್ತಾ ಹೇಳುತ್ತಾರೆ:

"ಇರೋಷ್ಟು ದಿನ ಇರಲಿ, ಪಾಪ. ಹೋಗು ಅಂತ ಅನ್ನಲ್ಲ. ಅದು ಹೋದ ದಿನ ಯಾರೂ ಕುಂಟಬಾರದು, ಅಷ್ಟೇ."