ಹೆಂಗಸರ ಬಾಗಿಲ ಉಚ್ಚೆಂಗೆಮ್ಮ

ಒಂದು ಕೈ ಹಿಡಿಯುವಷ್ಟೇ ಅಗಲದ ಟಿಕೆಟ್ ಕಿಂಡಿಯೊಳಗೆ ನಾಲ್ಕೈದು ಕೈಗಳು ಒಮ್ಮೆಲೇ ತೂರುತ್ತಿದ್ದವು. ಗಾಜಿನ ಬಳೆಗಳು ಸಿಮೆಂಟಿಗೆ ತಿಕ್ಕಿ ಕಿರ್ರೆನ್ನುತ್ತಿದ್ದವು. ಒಂದೆರಡು ಪಟಕ್ಕನೆ ಒಡೆಯುತ್ತಿದ್ದವು. ಸಿರುಗುಪ್ಪದ ಟಾಕೀಸಿನಲ್ಲಿ ಹೆಂಗಸರ ಟಿಕೆಟ್ ಶುರುವಾಯಿತೆಂದು ಉಚ್ಚೆಂಗೆಮ್ಮನಿಗೆ ಈ ಸದ್ದಿನಿಂದಲೇ ತಿಳಿಯುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಹುಟ್ಟೂರು ಕುರುಗೋಡು. ಗಂಡ ತೀರಿಹೋದ ಮೇಲೆ ಅಣ್ಣನ ಮನೆಯಲ್ಲಿ ಕೂತು ತಿನ್ನಲು ಮನಸ್ಸೊಪ್ಪದೆ ಇಲ್ಲಿಗೆ ಬಂದವಳು. ಟಾಕೀಸಿನ ಮಾಲೀಕ ಚಿದಾನಂದಪ್ಪ ಕಸ ಹೊಡೆಯಲು ಇಟ್ಟುಕೊಂಡಿದ್ದ. ಒಂದು ದಿನ ಕುಡಿದವನೊಬ್ಬ ಹೆಂಗಸರ ಕಡೆ ನುಗ್ಗಿದಾಗ, ಕೈಯಲ್ಲಿದ್ದ ಪೊರಕೆಯಿಂದಲೇ ಅವನನ್ನು ರಸ್ತೆಯವರೆಗೆ ಅಟ್ಟಿ ಬಂದಳು. ಮರುದಿನದಿಂದ ಆ ಬಾಗಿಲು ಅವಳದಾಯಿತು. ಎಪ್ಪತ್ತರ ದಶಕವಿಡೀ ಅವಳದೇ.

"ಉಚ್ಚೆಂಗೆಮ್ಮ ಅದಾಳಲ್ಲ, ಹೋಗಿ ಬರ್ರಿ." ಮಗಳನ್ನು ಸಂತೆಗೂ ಒಬ್ಬಳೇ ಕಳಿಸದ ಸಿರಿಗೇರಿ ಹಳ್ಳಿಯ ಅಪ್ಪಂದಿರು ಹೀಗೆಂದು ಬಸ್ಸು ಹತ್ತಿಸುತ್ತಿದ್ದರು. ಬಳ್ಳಾರಿಯ ಗಾಂಧಿನಗರದಿಂದ ನೆಂಟರು ಬಂದರೆ ಊರವರು ಅವಳನ್ನು ತೋರಿಸಿ, "ನಿಮ್ಮ ಬಳ್ಳಾರ್ಯಾಗ ಇಂಥಾಕಿ ಅದಾಳೇನು?" ಎನ್ನುತ್ತಿದ್ದರು. ಅವಳು ಕೇಳಿಸದವಳಂತೆ ಟಿಕೆಟ್ ಹರಿಯುತ್ತಿದ್ದಳು, ಬೆನ್ನು ಮಾತ್ರ ಇನ್ನಷ್ಟು ನೆಟ್ಟಗಾಗುತ್ತಿತ್ತು.

ಟಿಕೆಟ್ ಇದ್ದವರನ್ನು ಅವಳು ಒಳಗೆ ಬಿಡದ ದಿನವೆಂದರೆ ಒಂದೇ.

ಸಿರಿಗೇರಿಯ ಗುರುಬಸಮ್ಮ, ಪಾರಮ್ಮ ಅಣ್ಣತಮ್ಮಂದಿರ ಮಕ್ಕಳು. ಹದಿನಾರರ ಹುಡುಗಿಯರು, ಅಗಲದ ಗೆಳತಿಯರು. ಆಗ ಓಡುತ್ತಿದ್ದ ಚಿತ್ರದಲ್ಲಿ ನಾಯಕಿ ತಾನು ಮೆಚ್ಚಿದವನನ್ನು ಗೆಳತಿಗೆ ಬಿಟ್ಟುಕೊಟ್ಟು ಊರು ಬಿಡುತ್ತಾಳೆ. ಅದನ್ನು ಒಮ್ಮೆ ನೋಡಿ ಹೋಗಿ, ವಾರದ ಮೇಲೆ ಇಬ್ಬರೂ ಮತ್ತೆ ಮ್ಯಾಟ್ನಿಗೆ ಬಂದರು. ಪಾರಮ್ಮ ಟಿಕೆಟ್ ಸಾಲಿನಲ್ಲಿದ್ದಳು. ಬಾಗಿಲ ಬಳಿ ನಿಂತ ಗುರುಬಸಮ್ಮನ ಕಣ್ಣುಗಳು ಊದಿದ್ದವು.

"ಯಾಕಲೇ, ಆಟ ಸುರುವಾಗೂಕಿಂತ ಮೊದಲ ಅಳಾಕ ಹತ್ತೀಯಲ್ಲ?"

"ಕೊಟ್ರಬಸಪ್ಪನ್ನ ಒಲ್ಲೆ ಅಂತ ಮನ್ಯಾಗ ಹೇಳಿಬಿಟ್ಟೀನಿ, ಯಕ್ಕಾ."

ಕೊಟ್ರಬಸಪ್ಪ ಕೆಂಚನಗುಡ್ಡದವನು, ಅವರ ಸೋದರತ್ತೆಯ ಮಗ. ಗುರುಬಸಮ್ಮನಿಗೆಂದು ಮಾತಾಗಿತ್ತು, ಅವಳಿಗೂ ಮನಸ್ಸಿತ್ತು.

"ಪಾರಮ್ಮಗ ಅವನ ಮ್ಯಾಲ ಮನಸೈತಿ. ನಾ ಅಡ್ಡ ಬರಬಾರದು. ಅತ್ತಿ ನಾಡಿದ್ದು ಬಂದು ಅಕಿನ್ನ ಕೇಳ್ತಾಳ."

"ಹಂಗಂತ ಪಾರಮ್ಮ ಹೇಳಿದಳೇನು?"

"ಹೇಳೂದ್ಯಾಕ? ಆ ಸೀನು ಬಂದಾಗ ನನ್ನ ಕೈ ಗಟ್ಟಿ ಹಿಡಕೊಂಡು ಅತ್ತಳು."

ಉಚ್ಚೆಂಗೆಮ್ಮ ಹಣೆ ಬಡಿದುಕೊಂಡಳು. "ನಿನ್ನ ಶಾಣ್ಯಾತನಕ್ಕ ಬೆಂಕಿ ಹಚ್ಚ! ಶೇಂಗಾ ಮಾರೋ ಮುದುಕಿ ಹುಲುಗಮ್ಮನೂ ಅತ್ತಳು. ಅಕಿಗೂ ಕೊಟ್ರಬಸಪ್ಪನೇ ಬೇಕೇನು?"

ಅಷ್ಟರಲ್ಲಿ ಪಾರಮ್ಮ ಎರಡು ಟಿಕೆಟ್ ಹಿಡಿದು ನಗುತ್ತ ಬಂದಳು. ಉಚ್ಚೆಂಗೆಮ್ಮ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಇಬ್ಬರೂ ಇಲ್ಲೇ ಕಟ್ಟಿ ಮ್ಯಾಲ ಕುಂತು ಮಾತಾಡ್ರಿ. ಆಮ್ಯಾಗ ಆಟ."

"ಟಿಕೆಟ್ ತಗೊಂಡೀವಿ, ಯಕ್ಕಾ!"

"ತಗೊಂಡ್ರ ಇಟ್ಕೊ."

ಒಳಗೆ ಹಾಡು ಶುರುವಾಯಿತು. ಗೆಳತಿ ತೊದಲುತ್ತ ಹೇಳಿದ್ದನ್ನು ಕೇಳಿ ಪಾರಮ್ಮ ಬಾಯಿ ತೆರೆದು ಕೂತಳು. ಆಮೇಲೆ ಅವಳ ಜಡೆ ಹಿಡಿದು ಜಗ್ಗಿದಳು.

"ಆ ಗೊರಕಿ ಹೊಡಿಯೋನ್ನ ನಾ ಮಾಡ್ಕೊಳ್ಲೇನು? ನೀ ಕೆಂಚನಗುಡ್ಡಕ್ಕ ಹೋಗಿಬಿಟ್ರ ಬಸ್ಸಿನಾಗ ನನ್ನ ಬಾಜೂಕ ಯಾರು ಕೂಡ್ತಾರ ಅಂತ ಅತ್ತೀನಿ, ಹುಚ್ಚಿ!" ಎನ್ನುತ್ತ ಕಣ್ಣೊರೆಸಿಕೊಂಡಳು.

ಗುರುಬಸಮ್ಮ ಅಳುತ್ತಲೇ ನಕ್ಕಳು. ಮರುಕ್ಷಣ ಮುಖ ಬಾಡಿತು. "ಒಲ್ಲೆ ಅಂದೀನಲ್ಲ. ಈಗ?"

"ಬೇಕು ಅಂತ ಹೇಳು," ಎಂದಳು ಉಚ್ಚೆಂಗೆಮ್ಮ.

"ಸಿನಿಮಾದಾಗ ಯಾರೂ ಹಂಗ ಬಾಯಿ ಬಿಟ್ಟು ಹೇಳೂದಿಲ್ಲ, ಯಕ್ಕಾ."

"ಅವರು ಹೇಳಿಬಿಟ್ರ ಮೂರು ತಾಸು ಆಟ ಹೆಂಗ ನಡೀಬೇಕಲೇ? ನಿಮಗೇನು ಅಂಥಾ ಗರಜು?"

"ನಾ ಜೋಡಿ ಇರ್ತೀನಿ, ನೀ ಹೇಳು," ಎಂದಳು ಪಾರಮ್ಮ.

"ನೀ ನಗಬಾರದು ಮತ್ತ."

"ನಗೂದಿಲ್ಲ."

"ಈಗ ನಕ್ಕಿ ನೋಡು! ಯಕ್ಕಾ, ಮೊದಲ ಅಪ್ಪಗ ಹೇಳ್ಲ್ಯೋ, ಅತ್ತಿಗೋ? ಅಪ್ಪ ಸಿಟ್ಟಿಗೆದ್ದು..."

ಉಚ್ಚೆಂಗೆಮ್ಮ ಅವರ ಟಿಕೆಟ್‌ಗಳನ್ನು ಹರಿದು ಅರ್ಧರ್ಧ ಪಾರಮ್ಮನ ಅಂಗೈಯಲ್ಲಿಟ್ಟಳು. ಒಳಗೆ ಬೆಂಚಿಗಾಗಿ ಯಾರೋ ಜಗಳ ತೆಗೆದಿದ್ದರು. ಗುರುಬಸಮ್ಮ ಇನ್ನೂ ಕೇಳುತ್ತಲೇ ಇದ್ದಳು. ಉಳಿದದ್ದನ್ನು ಗೆಳತಿಯರೇ ನೋಡಿಕೊಳ್ಳಲೆಂದು ಉಚ್ಚೆಂಗೆಮ್ಮ ತಲೆಯೆತ್ತಿ, ಜಗಳ ಬಿಡಿಸಲು ತನ್ನ ಹೆಂಗಸರ ಕಡೆಗೆ ನಡೆದುಬಿಟ್ಟಳು.