ಕೊನೆಯ ಪುಟದ ಮೂರನೆಯ ಗುರಿ

ನನಗೆ ಕಲಿಸುತ್ತಿದ್ದ ಅಕ್ಕೋರು ತಾವೇ ಕೇಳಿಕೊಂಡು ಮುಂಡರಗಿ ಕಡೆಗೆ ವರ್ಗ ಮಾಡಿಸಿಕೊಂಡರು ಎಂಬುದು ನಮ್ಮ ಮನೆಯಲ್ಲಿ ಹೇಳುವ ಮಾತು. ಹತ್ತು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ಮೊನ್ನೆ ಟ್ರಂಕಿನ ತಳದಲ್ಲಿ ಮೂರನೇ ಇಯತ್ತೆಯ ನನ್ನ ನೋಟುಬುಕ್ಕು ಸಿಕ್ಕಿತು. ಬಿಚ್ಚಿದರೆ ಒಣಗಿದ ಬೇವಿನೆಲೆಯ ಕಹಿ ವಾಸನೆ... ಅದರ ಹಿಂದೆಯೇ ಶಿರಹಟ್ಟಿಯ ಶಾಲೆ, ಬಾಗಿಲ ಹತ್ತಿರದ ನನ್ನ ಜಾಗ, ಅಕ್ಕೋರ ಗುಂಡು ಅಕ್ಷರ. ಈಗ ಆ ಮಾತನ್ನು ನಾನು ಒಪ್ಪುವುದಿಲ್ಲ.

ನಾನು ಕೂತಲ್ಲಿ ಕೂರದ ಹುಡುಗಿ. ಅರ್ಧ ಮಗ್ಗಿಗೆ ಎದ್ದು ಕಿಟಕಿಗೆ ಹೋಗುತ್ತಿದ್ದೆ, ಯಾಕೆ ಹೋದೆನೆಂಬುದನ್ನು ಮರೆತು ಬರುತ್ತಿದ್ದೆ. ಅದಕ್ಕೆ ವೈದ್ಯರು ಈಗ ಏನೋ ಹೆಸರಿಟ್ಟಿದ್ದಾರಂತೆ. ಆಗ ಇದ್ದ ಮದ್ದು ಎರಡೇ, ಕೊರಳಿಗೆ ತಾಯತ, ಅಂಗೈಗೆ ಛಡಿ. ಎರಡನೇ ಇಯತ್ತೆಯಲ್ಲಿ ಒಮ್ಮೆ ನಪಾಸಾಗಿದ್ದೆ. ಇನ್ನೊಮ್ಮೆ ಆದರೆ ಶಾಲೆ ಬಿಡಿಸುವುದೆಂದು ಅಪ್ಪ ನಿಶ್ಚಯಿಸಿದ್ದರು.

ನಾನು ಮೂರನೇ ಇಯತ್ತೆಗೆ ಬಂದ ಆ ಜೂನಿನಲ್ಲಿ ಹೊಸದಾಗಿ ಬಂದಿದ್ದ ಅಕ್ಕೋರು ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕೂತರು.

“ಹೆಂಗರ ಮಾಡಿ ಪಾಸ್ ಮಾಡಸ್ರಿ, ಅಕ್ಕೋರ,” ಎಂದಳು ಅವ್ವ.

“ಪಾಸಿನ ಮಾತು ಆಮ್ಯಾಲ, ತಂಗಿ. ಮೊದಲ ಹಾಜರಿ ಮುಗಿಯೂತನಾ ಕುಂಡರ್ಲಿ. ಸದ್ಯಕ್ಕ ಅಷ್ಟ ಗುರಿ.”

“ಕುಂಡ್ರೂದೂ ಒಂದು ವಿದ್ಯಾ ಏನ್ರಿ?”

“ಈಕಿಗೆ ಅದ ದೊಡ್ಡ ವಿದ್ಯಾ. ಏನವಾ, ಆಗತೈತೇನು?”

ನಾನು ಯೋಚಿಸಿ, “ನಾಕ ದಿನ ಆಗತೈತ್ರಿ. ಐದನೇ ದಿನದ್ದು ಹೇಳಾಕಾಗೂದಿಲ್ಲ,” ಎಂದೆ.

“ನೋಡು ತಂಗಿ, ವಾದಾ ಮಾಡಾಕ ಹೆಂಗ ಗಟ್ಟ್ಯಾಗಿ ಕುಂತಾಳ,” ಎಂದು ಅಕ್ಕೋರು ನಕ್ಕರು.

ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಹಾಜರಿ ಮುಗಿಯುವ ತನಕ ಕೂರುವುದನ್ನೇ ಮೊದಲ ಗುರಿಯೆಂದು ಬರೆದರು. ಶ್ರಾವಣದ ಹೊತ್ತಿಗೆ ಅದರ ಮುಂದೆ ಕೆಂಪು ಪೆನ್ಸಿಲ್ಲಿನ ಗೆರೆ ಬಿತ್ತು. ಎರಡನೆಯದು: ಮೂರು ಲೆಕ್ಕ ಮಾಡು, ಎದ್ದು ಹೋಗಿ ಶಾಲೆಯ ಅಂಗಳದ ಬೇವಿನ ಸಸಿಗೆ ಒಂದು ತಂಬಿಗೆ ನೀರು ಹಾಕು, ಬಂದು ಮತ್ತೆ ಮೂರು ಲೆಕ್ಕ ಮಾಡು. ಬೇರೆಲ್ಲೂ ಹೋಗದೆ ಸಸಿಯ ತನಕ ಹೋಗಿದ್ದಕ್ಕೆ ಸಾಕ್ಷಿಯಾಗಿ ಒಂದು ಎಲೆ ತಂದು ನೋಟುಬುಕ್ಕಿನಲ್ಲಿಡಬೇಕು.

“ಉದರಿದ ಎಲಿ ತಾ ಮತ್ತ. ನೀ ಶಾಣ್ಯಾಕಿ ಆಗೂದರಾಗ ಗಿಡ ಬೋಳಾದೀತು.”

ಗುಡಿಯ ಪೂಜೆ ಮುಗಿಸಿ ಬರುತ್ತಿದ್ದ ಅಪ್ಪ ಒಂದು ದಿನ ಇದನ್ನು ನೋಡಿದರು. ಜೊತೆಗಿದ್ದವರೊಬ್ಬರು ಆಡಿದ್ದು ತಂಬಿಗೆ ಹಿಡಿದು ನಿಂತ ನನಗೂ ಕೇಳಿಸಿತು. “ಪೂಜಾರ್ರ, ಮಗಳನ್ನ ಅಕ್ಷರಾ ಕಲ್ಯಾಕ ಕಳಸೀರೋ, ನೀರ ಹೊರಾಕ ಕಳಸೀರೋ?”

ಅಪ್ಪ ನಗಲಿಲ್ಲ. ಆ ವಾರ ಅವರು ಒಂದು ಅರ್ಜಿ ಬರೆದದ್ದು ನೆನಪಿದೆ. ಆದರೆ ಓಣಿಯವರಿಗೆಲ್ಲ ಅರ್ಜಿ ಬರೆದುಕೊಡುವವರೇ ಅವರು. ಈಗ ನಾನು ಮಾತಾಡುವ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಇಷ್ಟನ್ನೇ ಅಕ್ಕೋರ ವರ್ಗಕ್ಕೆ ಸಾಕ್ಷಿ ಎಂದರೆ ಮೊದಲು ತಳ್ಳಿಹಾಕುವವಳು ನಾನೇ. ದಸರೆಯ ರಜೆ ಮುಗಿಸಿ ಹೋದಾಗ ಅಕ್ಕೋರು ಇರಲಿಲ್ಲ...

ಆ ವರ್ಷ ಪಾಸಾದೆ. ಮೂರು ಲೆಕ್ಕಕ್ಕೊಮ್ಮೆ ಬಾಯಾರಿಕೆಯ ನೆಪ ಹೇಳಿ ಎದ್ದು ಹೋಗುವುದನ್ನು ಕಲಿತುಬಿಟ್ಟಿದ್ದೆ. ಆದರೆ ಹೊರಗೆ ಹೋಗಿ ಬಾ ಎಂದು ಆಮೇಲೆ ಯಾರೂ ತಾವಾಗಿ ನನಗೆ ಹೇಳಲಿಲ್ಲ. ಈಗ ಗದುಗಿನ ಕಾಲೇಜಿನಲ್ಲಿ ಚರ್ಚೆಗೆ ಎದ್ದು ನಿಂತಿದ್ದಕ್ಕೆ ಬಹುಮಾನ ಕೊಡುತ್ತಾರೆ. ಪ್ರತಿ ಸಲವೂ ಎದುರಿಗೆ ಕೂತವರಲ್ಲಿ ಅಕ್ಕೋರ ಮುಖ ಹುಡುಕುತ್ತೇನೆ. ಹೋದ ವರ್ಷ ಮುಂಡರಗಿಗೆ ಹೋಗಿ ವಿಚಾರಿಸಿದೆ. ತೀರಿಕೊಂಡು ಎರಡು ವರ್ಷವಾಯಿತು ಎಂದರು. ಆಮೇಲೂ ಹುಡುಕುತ್ತೇನೆ.

ತಾವೇ ವರ್ಗ ಕೇಳಿಕೊಂಡವರು ರಜೆಯ ನಂತರದ ಗುರಿಯನ್ನು ಬರೆದಿಡುತ್ತಾರೆಯೆ? ಕೊನೆಯ ಪುಟದಲ್ಲಿ ಮೂರನೆಯದೊಂದಿದೆ. ಆಗ ನಾನು ಓದಿರಲೇ ಇಲ್ಲ. ಅದರ ಮುಂದೆ ಕೆಂಪು ಗೆರೆಯೂ ಇಲ್ಲ: ‘ದಸರೆಯ ರಜೆಯ ನಂತರ ಎಲೆ ತರುವುದು ಬೇಡ. ಹೋಗಿ ಬಂದೆ ಎಂದು ಹೇಳಿದರೆ ಸಾಕು, ನಂಬುತ್ತೇನೆ.’

ನಿನ್ನೆ ಆ ಪುಟವನ್ನು ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿ ಓದಿದರು. ನೋಟುಬುಕ್ಕು ಮುಚ್ಚಿ, ಉದುರಿದ ಎಲೆಯ ಪುಡಿಯನ್ನು ಅಂಗೈಯಿಂದ ಒಟ್ಟುಮಾಡುತ್ತ ಕೂತರು.

“ಸಾಕ್ಷಿ ಬ್ಯಾಡ ಅಪ್ಪಾ, ನೀವು ಹೇಳಿದ್ರ ಸಾಕು, ನಂಬತೇನಿ. ನಾ ಸಸಿಗೆ ನೀರ ಹಾಕೂದು ನೋಡಿದ ವಾರ ನೀವು ಬರೆದ ಅರ್ಜಿ ಯಾರದು?”